ಸೊನ್ನೆ ತೋರಿಸುವ ನೀರು

ಹಡಗಿನಿಂದ
ಜನವರಿ 6

ಅಪ್ಪನಿಗೆ,

ನನ್ನ ಹವಳದ ತೊಟ್ಟಿ ಟೀಚರ್ ಮನೆಯಿಂದ ನಿಮ್ಮ ಮುಂದಿನ ಕೋಣೆ ಸೇರಿತು ಅಂತ ಅವಳೇ ಬರೆದಿದ್ದಾಳೆ. ನಾಲ್ಕು ಜನ ಹೊತ್ತು ತಂದರಂತೆ. ನೀವು ಬಾಗಿಲಲ್ಲಿ ನಿಂತು 'ಎಡಕ್ಕೆ, ಇನ್ನೂ ಎಡಕ್ಕೆ' ಅಂತ ಪಂಪ್‌ಹೌಸಿನಲ್ಲಿ ಕೂಗುವ ಹಾಗೆ ಕೂಗಿದಿರಂತೆ. ನನ್ನ ಈ ಗೆಳತಿಗೆ ಬೇರೆ ಊರಿನ ಶಾಲೆಗೆ ವರ್ಗವಾಗದೆ ಇದ್ದಿದ್ದರೆ ನಿಮಗೆ ಈ ತೊಂದರೆ ಕೊಡುತ್ತಿರಲಿಲ್ಲ. ತೊಟ್ಟಿ ಇಟ್ಟುಕೊಳ್ಳುತ್ತೀರಾ ಅಂತ ನಾನು ಕೇಳಿದ್ದಕ್ಕೆ ನೀವು ಬರೆದ ಉತ್ತರ, 'ಕಳಿಸು, ನೋಡಿಕೊಳ್ಳುತ್ತೇನೆ.' ಏಳು ವರ್ಷದಲ್ಲಿ ನಿಮ್ಮಿಂದ ಬಂದ ಅತಿ ಉದ್ದದ ಪತ್ರ ಅದು. ಉಪಕಾರವಾಯಿತು.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿಮ್ಮ ಕಿವಿಯನ್ನು ಪಂಪುಗಳು ತಿಂದುಹಾಕಿವೆ, ಹಡಗಿನ ಫೋನಿನಲ್ಲಿ ಅರ್ಧ ಮಾತು ಗಾಳಿಗೆ ಹೋಗುತ್ತದೆ. ಬಂದರು ಸಿಕ್ಕಾಗಲೆಲ್ಲ ಕಂಪನಿಯ ಅಂಚೆಚೀಲ ಬರುತ್ತದೆ. ಎರಡು ಮೂರು ವಾರ ಹಿಡಿದರೂ ತಲುಪುತ್ತದೆ.

ಮೀನಿನ ಊಟ, ದೀಪದ ಹೊತ್ತು ಎಲ್ಲವನ್ನೂ ಟೀಚರ್ ಬರೆದು ಗಾಜಿಗೆ ಅಂಟಿಸಿದ್ದಾಳೆ. ನಾನು ಬರೆಯುವುದು ನೀರಿನ ವಿಷಯ ಮಾತ್ರ. ತೊಟ್ಟಿಯಲ್ಲಿ ಇನ್ನೂರು ಲೀಟರ್ ಉಪ್ಪುನೀರಿದೆ. ಹದಿನೈದು ದಿನಕ್ಕೊಮ್ಮೆ ಇಪ್ಪತ್ತು ಲೀಟರ್ ತೆಗೆದು, ಹೊಸದಾಗಿ ಇಪ್ಪತ್ತು ಲೀಟರ್ ಹಾಕಬೇಕು. ಶುದ್ಧ ನೀರಿಗೆ ಡಬ್ಬದಲ್ಲಿರುವ ಉಪ್ಪಿನ ಪುಡಿ ಬೆರೆಸಿ, ಒಂದು ದಿನ ತಿರುಗಲು ಬಿಟ್ಟು, ತೊಟ್ಟಿಯಷ್ಟೇ ಬೆಚ್ಚಗಾದ ಮೇಲೆ ಹಾಕಿ. ದಿನಾ ಆರಿಹೋಗುವ ನೀರಿಗೆ ಬದಲಾಗಿ ಹಾಕುವುದು ಬರೀ ಶುದ್ಧ ನೀರು, ಅದಕ್ಕೆ ಉಪ್ಪು ಬೇಡ. ಆರುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿದಿರುತ್ತದೆ.

ಶುದ್ಧ ನೀರು ಅಂದರೆ ನಲ್ಲಿ ನೀರು ಅಲ್ಲ. ದಯವಿಟ್ಟು ಈ ಸಾಲನ್ನು ಎರಡು ಸಲ ಓದಿ. ಬಸ್ ನಿಲ್ದಾಣದ ಹಿಂದೆ ಮೀನಂಗಡಿ ಇದೆ, ಸಾಕುಮೀನಿನದು. ಅಂಗಡಿಯಾಕೆ ಹವಳಕ್ಕೆಂದೇ ಸೋಸಿದ ನೀರನ್ನು ಕ್ಯಾನಿನಲ್ಲಿ ಕೊಡುತ್ತಾಳೆ. ತೊಟ್ಟಿಯ ಕೆಳಗಿನ ಖಾನೆಯಲ್ಲಿ ಪೆನ್ನಿನಂಥ ಒಂದು ಮೀಟರ್ ಇದೆ, ನೀರಿನಲ್ಲಿ ಏನೇನು ಕರಗಿದೆಯೋ ಅದರ ಒಟ್ಟು ಮೊತ್ತ ತೋರಿಸುತ್ತದೆ. ಅದ್ದಿದರೆ ಸೊನ್ನೆ ಬರಬೇಕು. ಐದೋ ಆರೋ ಬಂದರೆ ಒಪ್ಪಬೇಡಿ, ವಾಪಸ್ ಕೊಡಿ.

ಎರಡು ಕಿತ್ತಳೆ ಮೀನು, ಒಂದು ಸಿಗಡಿ, ಒಂಬತ್ತು ಬಸವನಹುಳು ಇವೆ. ಮಧ್ಯದ ಕಲ್ಲಿನ ಮೇಲೆ ಹಸಿರು ಬೆರಳುಗಳ ದೊಡ್ಡ ಹವಳವಿದೆ. ಆರು ವರ್ಷದ ಹಿಂದೆ ಟೀಚರ್ ಕೊಟ್ಟಾಗ ಅದು ಹೆಬ್ಬೆರಳಿನಷ್ಟಿತ್ತು, ಒಂದೇ ತಲೆ. ಈಗ ಐದು ತಲೆಯಾಗಿದೆ. ಉಳಿದದ್ದೆಲ್ಲ ಹೋದರೆ ಅಂಗಡಿಯಲ್ಲಿ ಮತ್ತೆ ಸಿಗುತ್ತದೆ, ಅದು ಸಿಗುವುದಿಲ್ಲ. ನಿಮ್ಮ ಕೈಗೆ ಕೊಡುವ ಮುಂಚೆ ಹತ್ತು ದಿನ ಯೋಚನೆ ಮಾಡಿದೆ. ಮುಚ್ಚಿಟ್ಟು ಬರೆಯಲು ನನಗೆ ಬರುವುದಿಲ್ಲ, ಅದಕ್ಕೇ ಹೇಳಿಬಿಟ್ಟೆ.

ಮಗಳು

*

ಮನೆ
ಜನವರಿ 27

ಮಗಳಿಗೆ,

ಪತ್ರ ತಲುಪಿತು. ಎರಡು ಸಲ ಓದಿ ಎಂದ ಸಾಲನ್ನು ನಾಲ್ಕು ಸಲ ಓದಿದೆ. ನಾಲ್ಕು ಸಲವೂ ಸಿಟ್ಟು ಬಂತು.

ಮೂವತ್ತೆರಡು ವರ್ಷ ಈ ಊರಿನ ನಲ್ಲಿಗೆ ನೀರು ಬಿಟ್ಟವನು ನಾನು. ಕೆಸರು ತಳ ಸೇರಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಹಾಕಿ, ದಿನಕ್ಕೆ ಆರು ಸಲ ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ನೋಡಿದವನು. ನನ್ನ ಪಾಳಿಯಲ್ಲಿ ಒಂದೇ ಒಂದು ಮನೆಯಿಂದ ದೂರು ಬಂದಿಲ್ಲ. ನೀನೂ ಅದೇ ನೀರು ಕುಡಿದು ಐದಡಿ ಆರಂಗುಲ ಬೆಳೆದೆ. ಈಗ ಹೆಬ್ಬೆಟ್ಟಿನಷ್ಟಿರುವ ಮೀನಿಗೆ ಅದು ಆಗಿಬರುವುದಿಲ್ಲವಂತೆ!

ಇರಲಿ. ಹೇಳಿದ್ದನ್ನು ಮಾಡಿದೆ. ಮೀನಂಗಡಿಯಾಕೆ ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ನನ್ನನ್ನೇ ಒಂದು ಹೊಸ ಜಾತಿಯ ಮೀನಿನಂತೆ ನೋಡಿದಳು. "ಹವಳಕ್ಕಾ ಅಂಕಲ್? ಹಾಗಾದ್ರೆ ಇದೇ ನೀರು ತಗೊಳ್ಳಿ. ಬೇರೆ ಏನಾದ್ರೂ ಹಾಕ್ಬಿಟ್ಟು ಆಮೇಲೆ ನನ್ ಹತ್ರ ಅಳ್ತಾ ಬರ್ಬೇಡಿ" ಎಂದಳು. ಮೀಟರ್ ಅದ್ದಿ ನೋಡಿದೆ, ಸೊನ್ನೆ. ಎರಡು ಕ್ಯಾನ್ ಹೊತ್ತು ಬಸ್ ಹತ್ತಿದೆ. ಹತ್ತಿದರೆ ಎದುರಿನ ಸೀಟಿನಲ್ಲೇ ನನ್ನ ಕೈಕೆಳಗೆ ವಾಲ್ವ್ ತಿರುಗಿಸುತ್ತಿದ್ದವನು ಕೂತಿದ್ದಾನೆ! "ಅಯ್ಯೋ ಸಾಹೇಬ್ರೇ, ನೀವೂ ನೀರು ಕೊಂಡ್ಕೊಂಡು ಹೋಗ್ತಿದೀರಾ? ನಮ್ ನೀರಿಗೇನಾಯ್ತು?" ಎಂದು ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿದ. ನನಗೇ ಕೇಳಿಸಿತು ಎಂದರೆ ಎಷ್ಟು ಜೋರಾಗಿ ಕೂಗಿದ ನೋಡು. ಕ್ಯಾನನ್ನು ಕಾಲಿನ ಸಂದಿಯಲ್ಲಿ ಅಡಗಿಸಿಕೊಂಡು ಎರಡು ನಿಲ್ದಾಣ ಮುಂಚೆಯೇ ಇಳಿದುಬಿಟ್ಟೆ. ಮನೆ ಸೇರುವಷ್ಟರಲ್ಲಿ ತೋಳು ಬಿದ್ದುಹೋಗಿತ್ತು.

ನಿನ್ನೆ ನೀರು ಬದಲಿಸಿದೆ. ಎಲ್ಲವೂ ಕ್ಷೇಮ. ದೊಡ್ಡ ಮೀನಿಗೆ ಕಮಿಷನರ್ ಎಂದು ಹೆಸರಿಟ್ಟಿದ್ದೇನೆ. ಊಟದ ಹೊತ್ತಿಗೆ ಮುಂದೆ ಬಂದು ನಿಲ್ಲುತ್ತಾನೆ, ಮಿಕ್ಕ ಹೊತ್ತು ಯಾರ ಕೈಗೂ ಸಿಗುವುದಿಲ್ಲ. ಚಿಕ್ಕವನು ಗುಮಾಸ್ತ, ಸದಾ ಅವನ ಹಿಂದೆ.

ಮುಂದಕ್ಕೆ ನೀರಿನ ವಿಷಯ ನನಗೆ ಬಿಡು. ನನಗೆ ನೀರು ಗೊತ್ತು.

ಇಂತಿ ನಿನ್ನ ತಂದೆ

*

ಹಡಗಿನಿಂದ
ಫೆಬ್ರವರಿ 18

ಅಪ್ಪನಿಗೆ,

ಬಸ್ಸಿನ ಕಥೆ ಓದಿ ನಕ್ಕೆ. ಏನು ಸಮಾಚಾರ ಅಂತ ಅಡಿಗೆಯವನು ಇಣುಕಿ ನೋಡಿದ. ಆದರೆ ಕೊನೆಯ ಸಾಲು ಓದಿ ನಗು ನಿಂತುಹೋಯಿತು. ನೀರಿನ ವಿಷಯ ನಿಮಗೆ ಬಿಡುವುದು ಅಂದರೆ ಏನು?

ನಿಮ್ಮ ನೀರು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮನುಷ್ಯರಿಗೆ ಅದರಷ್ಟು ಒಳ್ಳೆಯದು ಇಲ್ಲ. ಆದರೆ ಹವಳಕ್ಕೆ ಬೇಕಾದ್ದನ್ನೆಲ್ಲ ಅಳೆದು ಆ ಉಪ್ಪಿನ ಪುಡಿಯಲ್ಲೇ ಸೇರಿಸಿರುತ್ತಾರೆ. ನೀರು ತನ್ನದು ಅಂತ ಏನನ್ನೂ ತರಬಾರದು. ನಮಗೆ ಏನೂ ಮಾಡದ ಚೂರು ತಾಮ್ರ ಬಸವನಹುಳುವಿಗೂ ಸಿಗಡಿಗೂ ವಿಷ. ಚೂರು ಫಾಸ್ಫೇಟ್ ಇದ್ದರೆ ಪಾಚಿಗೆ ಹಬ್ಬದೂಟ. ಕ್ಲೋರಿನ್ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಕುಡಿಯುವ ನೀರಿನ ಕ್ಯಾನೂ ಬೇಡ. ಅವರು ಚೆನ್ನಾಗಿಯೇ ಸೋಸುತ್ತಾರೆ, ಆಮೇಲೆ ರುಚಿಗೆ ಅಂತ ಖನಿಜ ಬೆರೆಸುತ್ತಾರೆ. ಮೀಟರ್ ಅದ್ದಿದರೆ ಅರವತ್ತೋ ಎಪ್ಪತ್ತೋ ಬರುತ್ತದೆ.

ಇಲ್ಲಿ ನೀರು ಮಾಡುವುದೂ ನನ್ನ ಕೆಲಸ. ನಿಮಗೆ ಇದು ಗೊತ್ತಿರಲಿಕ್ಕಿಲ್ಲ, ನಾನು ಹೇಳಿಲ್ಲ. ಇಂಜಿನ್ನಿನ ಬಿಸಿಯಿಂದ ಸಮುದ್ರದ ನೀರನ್ನು ಆವಿ ಮಾಡಿ, ಆ ಆವಿಯನ್ನು ತಣಿಸಿ ಹಿಡಿಯುತ್ತೇವೆ. ಅದಕ್ಕೂ ಒಂದು ಮೀಟರ್ ಇದೆ. ಉಪ್ಪು ಚೂರು ಹೆಚ್ಚಾದರೂ ಗಂಟೆ ಹೊಡೆದು ಅಷ್ಟೂ ನೀರನ್ನು ಹೊರಗೆ ಚೆಲ್ಲಿಬಿಡುತ್ತದೆ. ಮೊದಲ ವರ್ಷ ನಾನು 'ಇಷ್ಟಕ್ಕೆಲ್ಲ ಏನಾಗುತ್ತೆ' ಅಂತ ಗಂಟೆಯ ಬಾಯಿ ಮುಚ್ಚಿಸಿ ಚೀಫ್ ಇಂಜಿನಿಯರ್ ಹತ್ತಿರ ಬೈಸಿಕೊಂಡೆ. ಆಮೇಲಿಂದ ಮೀಟರಿನ ಹತ್ತಿರ ವಾದ ಮಾಡುವುದನ್ನು ಬಿಟ್ಟಿದ್ದೇನೆ.

ಏನಾದರೂ ಹೆಚ್ಚುಕಡಿಮೆಯಾದರೆ ಬಸವನಹುಳುಗಳೇ ಮೊದಲು ಹೇಳುತ್ತವೆ, ಗಾಜಿನಿಂದ ಕೆಳಗೆ ಬೀಳುತ್ತವೆ. ಮುಂದಿನ ಪತ್ರದಲ್ಲಿ ಎಷ್ಟಿವೆ ಅಂತ ಎಣಿಸಿ ಬರೆಯಿರಿ.

ಇನ್ನೊಂದು ವಿಷಯ. ನಿಮ್ಮ ಕಮಿಷನರ್ ಹೆಣ್ಣು. ಈ ಜಾತಿಯಲ್ಲಿ ದೊಡ್ಡದು ಯಾವಾಗಲೂ ಹೆಂಡತಿ. ಗುಮಾಸ್ತ ಅವಳ ಗಂಡ.

ಮಗಳು

*

ಮನೆ
ಮಾರ್ಚ್ 9

ಮಗಳಿಗೆ,

ನಿನ್ನ ಪತ್ರ ತಲುಪಿತು. ಕಮಿಷನರ್ ಹೆಣ್ಣು ಎಂದು ತಿಳಿದ ಮೇಲೆ ಗುಮಾಸ್ತನ ಬಗ್ಗೆ ಮರುಕ ಹೆಚ್ಚಾಗಿದೆ.

ದೀಪಗಳು ಹೊತ್ತಿಗೆ ಸರಿಯಾಗಿ ಹತ್ತುತ್ತಿವೆ, ಆರುತ್ತಿವೆ. ಉಷ್ಣಾಂಶ ಇಪ್ಪತ್ತೈದು. ನೀರು ಬದಲಿಸಿದ ದಿನಗಳು: ಜನವರಿ 26, ಫೆಬ್ರವರಿ 9, ಫೆಬ್ರವರಿ 23. ಎಲ್ಲವೂ ವ್ಯವಸ್ಥಿತವಾಗಿ ನಡೆಯುತ್ತಿದೆ. ಆತಂಕಕ್ಕೆ ಕಾರಣವಿಲ್ಲ.

ಇಲ್ಲಿ ಬಿಸಿಲು ಜೋರಾಗಿದೆ. ಮಹಡಿಯ ಬಾಗಿಲಿಗೆ ಬಣ್ಣ ಹೊಡೆಸಿದೆ.

ಇಂತಿ ನಿನ್ನ ತಂದೆ

*

ಹಡಗಿನಿಂದ
ಮಾರ್ಚ್ 30

ಅಪ್ಪನಿಗೆ,

ಬಸವನಹುಳು ಎಷ್ಟಿವೆ ಅಂತ ಕೇಳಿದ್ದೆ. ನೀವು ಬಾಗಿಲಿನ ಬಣ್ಣದ ಬಗ್ಗೆ ಬರೆದಿದ್ದೀರಿ.

ಸಿಟ್ಟು ಬಂದಾಗ ನಿಮ್ಮ ಅಕ್ಷರ ಓಡುತ್ತದೆ, ಒಂದಕ್ಕೊಂದು ಡಿಕ್ಕಿ ಹೊಡೆಯುತ್ತದೆ. ಏನನ್ನಾದರೂ ಮುಚ್ಚಿಡುವಾಗ ಮುತ್ತು ಪೋಣಿಸಿದ ಹಾಗೆ ಬರೆಯುತ್ತೀರಿ. ಈ ಪತ್ರವನ್ನು ಗಾಜು ಹಾಕಿಸಿ ಗೋಡೆಗೆ ತೂಗುಹಾಕಬಹುದು, ಅಷ್ಟು ಚೆನ್ನಾಗಿದೆ.

ಸತ್ತದ್ದು ಸತ್ತಿದೆ. ನಾನು ಸಾವಿರಾರು ಮೈಲಿ ದೂರದಲ್ಲಿದ್ದೇನೆ, ಬಂದು ನಿಮ್ಮ ಜೊತೆ ಜಗಳವಾಡಲೂ ಆಗುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ, ಅಷ್ಟೇ ಕೇಳುತ್ತಿರುವುದು. ಇನ್ನೊಂದು ಸಲ ನನಗೆ 'ಅಂಚೆ ತಡವಾಯಿತು' ಅಂತ ಮಾತ್ರ ಹೇಳಬೇಡಿ. ಒಂದು ಸಲ ಕೇಳಿದ್ದೇನೆ, ಸಾಕಾಗಿದೆ.

ಮಗಳು

*

ಮನೆ
ಏಪ್ರಿಲ್ 19

ಮಗಳಿಗೆ,

ಬಸವನಹುಳು ಎರಡು ಉಳಿದಿವೆ. ಸಿಗಡಿ ಸತ್ತಿತು. ನಾನು 'ಆತಂಕಕ್ಕೆ ಕಾರಣವಿಲ್ಲ' ಎಂದು ಬರೆದೆನಲ್ಲ, ಅದು ಸತ್ತದ್ದು ಅವತ್ತು ಬೆಳಿಗ್ಗೆಯೇ. ಅದನ್ನು ಚಮಚದಲ್ಲಿ ಎತ್ತಿ ಹೊರಗೆ ಹಾಕಿ, ಕೈ ತೊಳೆದುಕೊಂಡು ಬಂದು ಆ ಪತ್ರ ಬರೆದೆ.

ನಿನ್ನ ಹವಳದ ಐದು ತಲೆಗಳಲ್ಲಿ ಎರಡು ಹೋಗಿವೆ. ಬೆರಳುಗಳೆಲ್ಲ ಉದುರಿ ಬಿಳಿ ಮೂಳೆ ಮಾತ್ರ ಕಾಣುತ್ತಿದೆ. ಇನ್ನೆರಡು ಮುದುಡಿಕೊಂಡಿವೆ. ಒಂದು ಮಾತ್ರ ಮಧ್ಯಾಹ್ನದ ಹೊತ್ತು ಸ್ವಲ್ಪ ಕಣ್ಣು ಬಿಡುತ್ತದೆ. ಕಲ್ಲಿನ ಮೇಲೆಲ್ಲ ಹಸಿರು ಪಾಚಿ ಕೂದಲಿನಂತೆ ಬೆಳೆದಿದೆ.

ನಾನು ನಲ್ಲಿ ನೀರು ಹಾಕಿದೆ. ಬಸ್ಸಿನಲ್ಲಿ ಹಾಗಾದ ಮೇಲೆ ನೀರಿನ ಕ್ಯಾನ್ ಹೊತ್ತು ಬೀದಿಯಲ್ಲಿ ನಡೆಯಲು ನನಗೆ ಮನಸ್ಸಾಗಲಿಲ್ಲ. ಸುಮ್ಮನೆ ಹಾಕಲಿಲ್ಲ, ನನಗೂ ಬುದ್ಧಿ ಇದೆ ಎಂದುಕೊಂಡಿದ್ದೆ. ಬಕೆಟ್ಟನ್ನು ಮಹಡಿಯ ಮೇಲೆ ಒಂದು ಇಡೀ ದಿನ ಬಿಸಿಲಿಗೆ ಇಟ್ಟೆ. ಕ್ಲೋರಿನ್ ಹಾರಿಹೋಗುತ್ತದೆ, ಇದು ನನ್ನ ಕೈಯಲ್ಲಿ ಸಾವಿರ ಸಲ ಪರೀಕ್ಷೆ ಮಾಡಿದ ಸಂಗತಿ. ಫೆಬ್ರವರಿ 9, ಫೆಬ್ರವರಿ 23 ಎರಡು ಸಲವೂ ಅದೇ ನೀರು. ದಿನಾ ಆರುವ ನೀರಿನ ಬದಲಿಗೂ ಅದೇ. ಹುಳುಗಳು ಒಂದೊಂದೇ ಬೀಳತೊಡಗಿದಾಗ ವಯಸ್ಸಾಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಸಿಗಡಿ ಸತ್ತ ಮೂರನೆಯ ದಿನ ತಡೆಯಲಾಗಲಿಲ್ಲ. ಒಂದು ಬಾಟಲಿಯಲ್ಲಿ ನಲ್ಲಿ ನೀರು ಹಿಡಿದುಕೊಂಡು ಶುದ್ಧೀಕರಣ ಘಟಕಕ್ಕೆ ಹೋದೆ. ನಿವೃತ್ತನಾದ ಮೇಲೆ ಆ ಗೇಟು ದಾಟಿರಲಿಲ್ಲ. ಅಲ್ಲಿ ಲ್ಯಾಬಿನಲ್ಲಿರುವ ಮೇಡಂ ಹಿಂದೆ ನನ್ನ ಕೈಕೆಳಗೆ ಕೆಲಸಕ್ಕೆ ಸೇರಿದವರು. ಕುರ್ಚಿ ಎಳೆದು ಕೂರಿಸಿ ಕಾಫಿ ತರಿಸಿದರು. ನಾನು ವಿಷಯ ಹೇಳಿದೆ. ಅವರ ಮುಖ ಚಿಕ್ಕದಾಯಿತು.

"ಸರ್, ಈಗ ಬರೀ ಕ್ಲೋರಿನ್ ಅಲ್ಲ. ಅದರ ಜೊತೆ ಅಮೋನಿಯಾನೂ ಸೇರಿಸ್ತೀವಿ. ಊರು ಬೆಳೀತಲ್ಲ, ಉದ್ದದ ಪೈಪ್‌ಲೈನ್ ಕೊನೇವರೆಗೂ ಅದರ ಶಕ್ತಿ ಉಳೀಬೇಕು ಅಂತ. ಅದು ಹಾಗೆಲ್ಲ ಹಾರಿಹೋಗಲ್ಲ, ವಾರಗಟ್ಲೆ ನಿಲ್ಲುತ್ತೆ. ಪೈಪ್ ತುಕ್ಕು ಹಿಡೀಬಾರ್ದು ಅಂತ ಸ್ವಲ್ಪ ಫಾಸ್ಫೇಟೂ ಹಾಕ್ತೀವಿ."

"ಯಾವಾಗಿಂದ?" ಎಂದೆ.

"ನೀವು ರಿಟೈರ್ ಆಗಿ ಎರಡು ವರ್ಷಕ್ಕೆ."

"ನನಗೆ ಯಾರೂ ಹೇಳ್ಲೇ ಇಲ್ಲವಲ್ಲಮ್ಮ."

"ಹೇಳೋಣ ಅಂದ್ರೆ ನೀವು ಆಮೇಲೆ ಈ ಕಡೆ ಬರ್ಲೇ ಇಲ್ಲವಲ್ಲ ಸರ್" ಎಂದರು. ಚುಚ್ಚಲು ಹೇಳಿದ್ದಲ್ಲ, ಬೇಜಾರಿನಿಂದಲೇ ಹೇಳಿದರು.

ಹೊರಗೆ ಬಂದು ನೀರು ಬೀಳುವ ಕಟ್ಟೆಯ ಹತ್ತಿರ ತುಂಬ ಹೊತ್ತು ನಿಂತಿದ್ದೆ. ನನಗೆ ನೀರು ಗೊತ್ತು ಎಂದು ನಿನಗೆ ಬರೆದಿದ್ದೆ. ನನಗೆ ಗೊತ್ತಿದ್ದದ್ದು ಆರು ವರ್ಷದ ಹಿಂದಿನ ನೀರು. ನಾಚಿಕೆಯಾಯಿತು, ಮಗಳೇ. ಅಲ್ಲಿಂದ ನೇರ ಮೀನಂಗಡಿಗೆ ಹೋದೆ. ಆಕೆ ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ಮನೆಯಲ್ಲೇ ಗೋಡೆಗೆ ಹಾಕಿಕೊಳ್ಳುವ ಸೋಸುವ ಯಂತ್ರವೊಂದನ್ನು ಕೊಟ್ಟು, ಹೇಗೆ ಕೂರಿಸಬೇಕೆಂದು ಕಾಗದದ ಮೇಲೆ ಚಿತ್ರ ಬರೆದುಕೊಟ್ಟಳು. ಮಾರ್ಚ್ 14ರಿಂದ ಅದರ ನೀರೇ. ಪ್ರತಿ ಸಲವೂ ಮೀಟರ್ ಅದ್ದುತ್ತೇನೆ, ಸೊನ್ನೆ. ಹವಳ ಉಳಿಯುತ್ತದೋ ಇಲ್ಲವೋ ಆಕೆಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಈಗ ನಿನ್ನ ಪತ್ರದ ಕೊನೆಯ ಸಾಲು. ನಾಲ್ಕು ದಿನದಿಂದ ಅದರ ಮುಂದೆ ಕೂತಿದ್ದೇನೆ.

ಅಂಚೆ ತಡವಾಗಿರಲಿಲ್ಲ. ಹಡಗಿನ ಕಂಪನಿಯವರು ನಿನ್ನನ್ನು ತರಬೇತಿಗೆ ಕರೆದು ಬರೆದ ಪತ್ರ, ನೀನು ಹಾಜರಾಗಬೇಕಾದ ದಿನಕ್ಕೆ ಹನ್ನೊಂದು ದಿನ ಮುಂಚೆಯೇ ಬಂದಿತ್ತು. ನೀನು ಪರೀಕ್ಷೆಗೆ ಹೋಗಿದ್ದೆ. ನಾನೇ ಸಹಿ ಮಾಡಿ ತೆಗೆದುಕೊಂಡೆ, ಒಡೆದು ಓದಿದೆ, ಕಚೇರಿಯ ಫೈಲಿನೊಳಗೆ ಇಟ್ಟುಕೊಂಡೆ. ದಿನಾ ಇವತ್ತು ಕೊಡೋಣ, ನಾಳೆ ಕೊಡೋಣ ಎಂದುಕೊಳ್ಳುತ್ತಲೇ ಆ ದಿನ ದಾಟಿಸಿಬಿಟ್ಟೆ. ನಿನ್ನ ಒಂದು ವರ್ಷ ಹಾಳುಮಾಡಿದೆ. ಸಮುದ್ರ ಹೆಣ್ಣುಮಕ್ಕಳಿಗಲ್ಲ, ಅಪಾಯ, ನಾಲ್ಕು ಜನ ಏನೆಂದಾರು ಎಂದು ಬೇಕಾದಷ್ಟು ಕಾರಣ ಹೇಳಿಕೊಂಡೆ. ಯಾವುದೂ ನಿಜವಲ್ಲ. ನಿನ್ನ ಅಮ್ಮ ಹೋದ ಮೇಲೆ ಈ ಮನೆಯಲ್ಲಿ ನನಗಿದ್ದವಳು ನೀನೊಬ್ಬಳೇ. ನೀನು ಹೋದರೆ ಸಂಜೆ ಮನೆಗೆ ಬಂದು ಯಾರ ಮುಖ ನೋಡಲಿ ಎಂದು ಹೆದರಿದೆ. ಅಷ್ಟೇ. ಸ್ವಾರ್ಥ.

ತಪ್ಪು ನನ್ನದು. ನೀರಿನದೂ ನನ್ನದೇ, ಆ ಪತ್ರದ್ದೂ ನನ್ನದೇ. ಕ್ಷಮಿಸು ಎಂದು ಕೇಳುವಷ್ಟು ಧೈರ್ಯ ಇನ್ನೂ ಬಂದಿಲ್ಲ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಬಸ್ಸಿನ ಕಿಟಕಿಯಿಂದ ನಿನ್ನನ್ನು ನೋಡಿದೆ. ನೀನು ಮೀನಂಗಡಿಯಿಂದ ಎರಡು ಕೈಯಲ್ಲೂ ಕ್ಯಾನ್ ಹಿಡಿದು ಹೊರಗೆ ಬರುತ್ತಿದ್ದೆ. ಊರಿಗೆ ಬಂದಿದ್ದೀಯ, ನಮ್ಮ ಮನೆಗೆ ಮಾತ್ರ ಬಂದಿಲ್ಲ. ಬಸ್ ನಿಲ್ಲಿಸಿ ಎಂದು ಕೂಗಬೇಕೆನಿಸಿತು, ಕೂಗದೆ ಮನೆಗೆ ಹೋದೆ.

ಅಪ್ಪ

*

ಮನೆ
ಮೇ 12

ಮಗಳಿಗೆ,

ನಿನ್ನ ಉತ್ತರ ಬಂದಿಲ್ಲ. ಬರದಿದ್ದರೂ ನ್ಯಾಯವೇ. ಆದರೆ ತೊಟ್ಟಿ ನಿನ್ನದು, ಅದರ ಸಮಾಚಾರ ನಿನಗೆ ಸಿಗಬೇಕು. ಅದಕ್ಕಾಗಿ ಈ ಪತ್ರ.

ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕಲ್ಲಿನ ಪಾಚಿಯನ್ನೆಲ್ಲ ಉಜ್ಜಿ ತೆಗೆದೆ. ಕಮಿಷನರ್ ಬಂದು ಕೈ ಕಚ್ಚಿದಳು. ನೋವೇನಾಗಲಿಲ್ಲ, ಅವಮಾನವಾಯಿತು. ಪಾಚಿ ಈಗ ಅರ್ಧಕ್ಕೂ ಕಡಿಮೆ. ವಾರಕ್ಕೊಮ್ಮೆ ನೀರು ಬದಲಿಸುತ್ತಿದ್ದೇನೆ. ಮೀನಂಗಡಿಯಾಕೆ "ಒಂದೇ ಸಲ ಜಾಸ್ತಿ ಮಾಡ್ಬೇಡಿ ಅಂಕಲ್, ನಿಮ್ ಪಶ್ಚಾತ್ತಾಪಕ್ಕೆ ಅದು ಸತ್ತೋಗತ್ತೆ" ಎಂದಳು. ಬಾಯಿ ಜೋರು, ಕೆಲಸ ಗೊತ್ತಿರುವ ಹುಡುಗಿ.

ಈ ಯಂತ್ರದ ಮೇಲೆ ನನಗೆ ಒಂದೇ ತಕರಾರು. ಒಂದು ಬಕೆಟ್ ಶುದ್ಧ ನೀರು ಕೊಡಲು ಮೂರು ಬಕೆಟ್ ಹೊರಗೆ ಚೆಲ್ಲುತ್ತದೆ. ನೀರು ಪೋಲಾಗುವುದನ್ನು ನೋಡಿದರೆ ನನ್ನ ಹೊಟ್ಟೆ ಉರಿಯುತ್ತದೆ. ಆ ನೀರನ್ನೆಲ್ಲ ಡ್ರಮ್ಮಿಗೆ ಹಿಡಿದು ನೆಲ ಒರೆಸಿ, ಬಟ್ಟೆ ಒಗೆದು, ಮೆಟ್ಟಿಲು ತೊಳೆದು, ಆದರೂ ಮುಗಿಯುವುದಿಲ್ಲ. ಈ ಬೀದಿಯಲ್ಲಿ ಈಗ ನಮ್ಮ ಮನೆಯಷ್ಟು ಚೊಕ್ಕಟವಾದ ಮನೆ ಇನ್ನೊಂದಿಲ್ಲ. ಪಕ್ಕದ ದರ್ಜಿ "ಏನ್ ಸ್ವಾಮಿ, ಮನೆಗೆ ಯಾರಾದ್ರೂ ಬರ್ತಾರಾ?" ಎಂದು ಕೇಳಿದ. ಅವನ ಹೊಲಿಗೆ ಯಂತ್ರದ ಪಕ್ಕದಲ್ಲಿದ್ದ ನೀರಿನ ಲೋಟಕ್ಕೆ ಮೀಟರ್ ಅದ್ದಿದೆ. ನೂರ ಎಂಬತ್ತು. ಅವನು ಹೆದರಿಕೊಂಡ. ಕುಡಿಯಲು ಅದು ಬಲು ಒಳ್ಳೆಯ ನೀರು, ನೀನು ಹವಳವಲ್ಲ ಎಂದು ಸಮಾಧಾನ ಮಾಡಿ ಬಂದೆ.

ಲ್ಯಾಬ್ ಮೇಡಂ ಎರಡು ಸಲ ಮನೆಗೆ ಬಂದು ತೊಟ್ಟಿಯ ನೀರನ್ನು ಪರೀಕ್ಷೆಗೆ ಒಯ್ದರು. ಫಾಸ್ಫೇಟ್ ಇಳಿಯುತ್ತಿದೆಯಂತೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮರಳಿನ ಸೋಸುತೊಟ್ಟಿ ತೊಳೆಯುವುದನ್ನು ಹೇಳಿಕೊಡಲು ನನ್ನನ್ನು ಕರೆದರು. ಹೋಗಿದ್ದೆ. ಮೊದಲು ಅವರಿಂದ ಈಗಿನ ಪದ್ಧತಿಯನ್ನೆಲ್ಲ ಕೇಳಿ ಬರೆದುಕೊಂಡು, ಆಮೇಲೆ ಬಾಯಿ ತೆರೆದೆ.

ಈಗ ಮುಖ್ಯ ವಿಷಯ. ಹೋದ ಎರಡು ತಲೆಗಳು ಹೋದವು, ಅವು ಬರುವುದಿಲ್ಲ. ಮುದುಡಿದ್ದ ಎರಡರಲ್ಲಿ ಒಂದು ಕಳೆದ ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಐದಾರು ಬೆರಳು ಹೊರಗೆ ಹಾಕಿತು. ಕುರ್ಚಿ ಎಳೆದುಕೊಂಡು ಅದರ ಮುಂದೆಯೇ ಕೂತೆ, ಹನ್ನೆರಡರವರೆಗೆ. ಒಲೆಯ ಮೇಲಿಟ್ಟ ಅನ್ನ ಸೀದುಹೋಯಿತು. ಶನಿವಾರ ಇನ್ನೂ ಸ್ವಲ್ಪ ಬಿಟ್ಟಿತು. ಇವತ್ತು ಎರಡು ತಲೆ ಪೂರ್ತಿ ಅರಳಿವೆ, ಮೂರನೆಯದು ಇನ್ನೂ ಮನಸ್ಸು ಮಾಡಿಲ್ಲ. ಎರಡು ಅರಳಿರುವುದನ್ನು ನಾನು ಎಣಿಸಿ ಬರೆಯುತ್ತಿದ್ದೇನೆ, ಊಹೆಯಲ್ಲ. ಬಸವನಹುಳು ಎರಡೂ ಗಾಜಿನ ಮೇಲೇ ಇವೆ.

ಬರೆಯಬೇಕೆನಿಸಿದರೆ ಬರೆ. ಬೈದು ಬರೆದರೂ ಸರಿ.

ಅಪ್ಪ

*

ಹಡಗಿನಿಂದ
ಜೂನ್ 3

ಅಪ್ಪನಿಗೆ,

ನಿಮ್ಮ ಎರಡು ಪತ್ರಗಳೂ ಒಂದೇ ಚೀಲದಲ್ಲಿ ಬಂದವು. ಮೊದಲು ಬರೆದದ್ದನ್ನು ಮೊದಲು ಓದಿದೆ. ಓದಿ ಮುಗಿಸಿ, ಕೆಳಗೆ ಹೋಗಿ, ನನ್ನ ಸರದಿ ಅಲ್ಲದಿದ್ದರೂ ನೀರು ಮಾಡುವ ಯಂತ್ರ ಬಿಚ್ಚಿ ಅದರೊಳಗೆ ಕಟ್ಟಿದ್ದ ಉಪ್ಪನ್ನೆಲ್ಲ ಕೆರೆದೆ. ಮೂರು ಗಂಟೆ ಹಿಡಿಯಿತು. ಯಾರಾದರೂ ಮಾತಾಡಿಸಿದ್ದರೆ ಕಿರುಚಿಬಿಡುತ್ತಿದ್ದೆ. ನಿಮ್ಮ ಮೇಲೆ ಅಷ್ಟು ಸಿಟ್ಟಿತ್ತು. ಆಮೇಲೆ ಅಲ್ಲೇ ಪೈಪುಗಳ ನಡುವೆ ಕೂತು ಅತ್ತೆ.

ನನಗೆ ಗೊತ್ತಿತ್ತು, ಅಪ್ಪ. ಅಂಚೆ ತಡವಾಯಿತು ಅಂತ ನೀವು ಹೇಳಿದ ಮಾರನೆಯ ದಿನವೇ ಅಂಚೆ ಕಚೇರಿಗೆ ಹೋಗಿ ಕೇಳಿದೆ. ಅಲ್ಲಿಯವರು ಪುಸ್ತಕ ತಿರುಗಿಸಿ ನಿಮ್ಮ ಸಹಿ ತೋರಿಸಿದರು. ಮನೆಗೆ ಬಂದು ನಿಮ್ಮ ಎದುರಿಗೇ ಕೂತು ಊಟ ಮಾಡಿದೆ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಅಂತ ಕಾದೆ. ಒಂದು ವರ್ಷ ಕಾದೆ. ಇನ್ನೊಂದು ಪತ್ರ ಬಂತು, ಹೊರಟುಬಿಟ್ಟೆ. ಒಂದು ವರ್ಷ ಹೋದದ್ದಕ್ಕೆ ಅಷ್ಟು ನೋವಾಗಲಿಲ್ಲ. ದಿನಾ ಮುಖಾಮುಖಿ ಕೂತೂ ನೀವು ಹೇಳಲಿಲ್ಲವಲ್ಲ, ಅದಕ್ಕೆ ಆಯಿತು. ನಾನೂ ಕೇಳಲಿಲ್ಲ. ಕೇಳಿಬಿಟ್ಟಿದ್ದರೆ ಬಹುಶಃ ಅವತ್ತೇ ಜಗಳವಾಡಿ ಅವತ್ತೇ ಮುಗಿಸುತ್ತಿದ್ದೆವೇನೋ. ಐದು ಸಲ ರಜೆಗೆ ಊರಿಗೆ ಬಂದು ಟೀಚರ್ ಮನೆಯಲ್ಲಿ ಇದ್ದು ವಾಪಸ್ ಬಂದಿದ್ದೇನೆ. ಅದು ನನ್ನ ತಪ್ಪು, ಅದನ್ನು ನಾನೇ ಹೊರುತ್ತೇನೆ.

ಕ್ಷಮಿಸುವುದಕ್ಕೆ ಏನು ಮಾಡಬೇಕು ಅಂತ ನನಗೂ ಸರಿಯಾಗಿ ಗೊತ್ತಿಲ್ಲ. ಆದರೆ ನಿಮ್ಮ ಎರಡನೆಯ ಪತ್ರವನ್ನು ಊಟದ ಹೊತ್ತಿಗೆ ಎಲ್ಲರಿಗೂ ಓದಿ ಹೇಳಿದೆ. ಎರಡು ತಲೆ ಅರಳಿವೆ ಅಂದಾಗ ಅಡಿಗೆಯವನು ಮೇಜು ಗುದ್ದಿದ. ಮೂರನೆಯದನ್ನು ಕಾಯೋಣ, ಅದಕ್ಕೆ ಅವಸರ ಮಾಡಬೇಡಿ. ಮೀನಂಗಡಿಯಾಕೆ ಹೇಳಿದ್ದನ್ನು ಕೇಳಿ, ವಾರಕ್ಕೊಮ್ಮೆ ಬೇಡ, ಮತ್ತೆ ಹದಿನೈದು ದಿನಕ್ಕೇ ಹೋಗಿ. ಇನ್ನು ಆ ಸತ್ತ ಎರಡು ಮೂಳೆಗಳನ್ನು ಕಿತ್ತು ಹಾಕಬೇಡಿ, ಅವುಗಳ ಮೇಲೆ ಬೇರೇನಾದರೂ ಬೆಳೆಯುತ್ತದೆ.

ಆಗಸ್ಟಿನಿಂದ ಎರಡು ತಿಂಗಳು ರಜೆ. ಮನೆಗೆ ಬರುತ್ತೇನೆ. ದರ್ಜಿಯವರಿಗೆ ಹೇಳಿ.

ಇವತ್ತು ಹಡಗಿನ ಆಫೀಸಿನಲ್ಲಿ ವರ್ಷಕ್ಕೊಮ್ಮೆ ತುಂಬಿಸಿಕೊಳ್ಳುವ ಫಾರಂ ಕೊಟ್ಟರು. ಅದರ ಎರಡನೆಯ ಪುಟದಲ್ಲಿ ಒಂದು ಕಾಲಂ ಇದೆ: ಈ ನೌಕರರಿಗೆ ಏನಾದರೂ ಅಪಾಯವಾದಲ್ಲಿ ಮೊದಲು ಯಾರಿಗೆ ತಿಳಿಸಬೇಕು. ಇಷ್ಟು ವರ್ಷವೂ ಅಲ್ಲಿ ಟೀಚರ್ ಹೆಸರು ಬರೆದು, ಸಂಬಂಧ ಅನ್ನುವ ಕಡೆ ಗೆಳತಿ ಅಂತ ಹಾಕುತ್ತಿದ್ದೆ. ಈ ಸಲ ನಿಮ್ಮ ಹೆಸರು ಬರೆದೆ. ಕ್ಯಾಪ್ಟನ್ ಫಾರಂ ಮೇಲೆ ಕಣ್ಣಾಡಿಸುತ್ತಾ ಅಲ್ಲಿ ನಿಂತರು. "ತಂದೆ ಇದ್ದಾರಾ ನಿಮಗೆ? ಇಷ್ಟು ದಿನ ಹೇಳ್ಲೇ ಇಲ್ಲ" ಅಂದರು.

"ಇದ್ದಾರೆ ಸರ್" ಅಂದೆ.

ನಿಮ್ಮ ಮಗಳು